ಅಧ್ಯಕ್ಷ ರೂಸ್‌ವೆಲ್ಟ್

1933ನೆಯ ಇಸವಿ ಮಾರ್ಚ್ ತಿಂಗಳ 4ನೆಯ ತಾರೀಖು, ಶನಿವಾರ. ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ ನಗರದ ಮೇಲೆ ಬೂದುಬಣ್ಣದ ಮೋಡ ಕವಿದಿತ್ತು. ಸಂಸದ್ಭವನದ ಮುಂದೆ ಸಹಸ್ರಾರು ಜನ ಚಳಿಯಲ್ಲಿ ನಿಂತು ಹೊಸ ಅಧ್ಯಕ್ಷರ ಬರವನ್ನು ಕಾಯುತ್ತಿದ್ದರು. ಅದು ಸಂಭ್ರಮದ ದಿನವಾಗಬೇಕಾಗಿತ್ತು. ಆದರೆ ನಾಡಿನಲ್ಲಿ ಸಂಭ್ರಮಕ್ಕೆ ಕಾರಣವಿರಲಿಲ್ಲ. ಅಂದು ಬೆಳಗ್ಗೆ ನ್ಯೂಯಾರ್ಕಿನ ಷೇರುಪೇಟೆ ಬಾಗಿಲು ತೆರೆಯಲಿಲ್ಲ. ದೇಶದ ಬಹುತೇಕ ಸಂಸ್ಥಾನಗಳಲ್ಲಿ ಬ್ಯಾಂಕುಗಳು ಮುಚ್ಚಿದ್ದವು, ಇಲ್ಲವೆ ಜನರು ತಮ್ಮದೇ ಹಣವನ್ನು ಹಿಂದಕ್ಕೆ ಪಡೆಯುವುದಕ್ಕೆ ಮಿತಿ ಹಾಕಿದ್ದವು. ದುಡಿಯಬಲ್ಲವರಲ್ಲಿ ನಾಲ್ವರಿಗೆ ಒಬ್ಬರಂತೆ, ಸುಮಾರು 1 ಕೋಟಿ 30 ಲಕ್ಷ ಮಂದಿ, ಕೆಲಸವಿಲ್ಲದೆ ಅಲೆಯುತ್ತಿದ್ದರು. ಅಂತಹ ಹೊತ್ತಿನಲ್ಲಿ ಎತ್ತರದ ನಿಲುವಿನ, ಅಗಲವಾದ ಭುಜಗಳ, ಐವತ್ತೊಂದು ವರ್ಷ ವಯಸ್ಸಿನ ವ್ಯಕ್ತಿಯೊಬ್ಬರು ಮಗನ ತೋಳನ್ನು ಬಿಗಿಯಾಗಿ ಹಿಡಿದು, ಒಂದೊಂದೇ ಹೆಜ್ಜೆಯನ್ನಿಡುತ್ತ ವೇದಿಕೆಗೆ ಬಂದರು. ಅವರ ಕಾಲುಗಳಿಗೆ ಸ್ವಂತ ಬಲವಿರಲಿಲ್ಲ. ಉಕ್ಕಿನ ಪಟ್ಟಿಗಳು ಅವುಗಳನ್ನು ಹಿಡಿದು ನಿಲ್ಲಿಸಿದ್ದವು. ಅವರೇ ಫ್ರಾಂಕ್ಲಿನ್ ಡೆಲನೊ ರೂಸ್‌ವೆಲ್ಟ್.

ರೂಸ್‌ವೆಲ್ಟರು ಬಡತನದಲ್ಲಿ ಹುಟ್ಟಿ ಮೇಲಕ್ಕೆ ಬಂದವರಲ್ಲ. 1882ನೆಯ ಜನವರಿ 30ರಂದು, ನ್ಯೂಯಾರ್ಕ್ ಸಂಸ್ಥಾನದ ಹೈಡ್ ಪಾರ್ಕ್ ಎಂಬ ಊರಿನಲ್ಲಿ, ಹಡ್ಸನ್ ನದಿಯ ದಂಡೆಯ ಮೇಲಿದ್ದ ಶ್ರೀಮಂತರ ಮನೆಯೊಂದರಲ್ಲಿ ಅವರು ಜನಿಸಿದರು. ತಂದೆ ಜೇಮ್ಸ್, ತಾಯಿ ಸಾರಾ. ಆ ದಂಪತಿಗಳಿಗೆ ಇವರೊಬ್ಬರೇ ಮಗ. ಹದಿನಾಲ್ಕು ವರ್ಷದವರೆಗೆ ಮನೆಯಲ್ಲಿಯೇ ಪಾಠವಾಯಿತು. ಅನಂತರ ಗ್ರೋಟನ್ ಎಂಬ ಹೆಸರಾಂತ ಶಾಲೆ, ಮುಂದೆ ಹಾರ್ವರ್ಡ್ ವಿಶ್ವವಿದ್ಯಾನಿಲಯ, ಕಡೆಗೆ ಕೊಲಂಬಿಯದಲ್ಲಿ ಕಾನೂನಿನ ವ್ಯಾಸಂಗ. ಓದಿನಲ್ಲಿ ಅವರು ಅಸಾಧಾರಣರೇನೂ ಆಗಿರಲಿಲ್ಲ. ಹಸಿವೆಂಬುದನ್ನಾಗಲಿ ಬಾಡಿಗೆ ಕಟ್ಟಲಾರದ ಸಂಕಟವನ್ನಾಗಲಿ ಅರಿಯದೆಯೇ ಅವರು ಪ್ರಾಪ್ತವಯಸ್ಕರಾದರು. 1905ರಲ್ಲಿ ದೂರದ ಬಂಧುವಾದ ಎಲಿನಾರ್ ಎಂಬಾಕೆಯನ್ನು ವಿವಾಹವಾದರು. ಮದುವೆಗೆ ಮುಂಚೆಯೇ ಎಲಿನಾರ್ ನ್ಯೂಯಾರ್ಕಿನ ಬಡವರ ಕೇರಿಯೊಂದರ ಮಕ್ಕಳ ನಡುವೆ ಸೇವಾಕಾರ್ಯದಲ್ಲಿ ತೊಡಗಿದ್ದವರು. ಗಾಳಿಬೆಳಕಿಲ್ಲದ ಆ ವಠಾರಗಳಲ್ಲಿ ಮನುಷ್ಯರು ಹೇಗೆ ಬಾಳುತ್ತಾರೆಂಬುದನ್ನು ರೂಸ್‌ವೆಲ್ಟರು ಮೊದಲು ಕಂಡದ್ದು ಆಕೆಯ ಮೂಲಕವೇ.

1910ರಲ್ಲಿ ಅವರು ನ್ಯೂಯಾರ್ಕ್ ಸಂಸ್ಥಾನದ ಸೆನೆಟ್ ಸಭೆಗೆ ಚುನಾಯಿತರಾದರು. 1913ರಿಂದ ಏಳು ವರ್ಷಕಾಲ ನೌಕಾಖಾತೆಯ ಸಹಾಯಕ ಕಾರ್ಯದರ್ಶಿಯಾಗಿದ್ದರು. 1920ರಲ್ಲಿ ಉಪಾಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತರು. ಆ ಸೋಲು ದೊಡ್ಡದಾಗಿರಲಿಲ್ಲ. ಅದಕ್ಕಿಂತ ಸಾವಿರ ಪಾಲು ದೊಡ್ಡದಾದ ಆಘಾತವು ಮರುವರ್ಷ ಕಾದಿತ್ತು. 1921ನೆಯ ಆಗಸ್ಟ್ ತಿಂಗಳಲ್ಲಿ ಕೆನಡ ದೇಶಕ್ಕೆ ಸೇರಿದ ಕ್ಯಾಂಪೊಬೆಲ್ಲೊ ದ್ವೀಪದಲ್ಲಿ ರಜೆಯನ್ನು ಕಳೆಯುತ್ತಿದ್ದಾಗ ಅವರು ಜ್ವರದಿಂದ ಮಲಗಿದರು. ಕೆಲವೇ ದಿನಗಳಲ್ಲಿ ಸೊಂಟದಿಂದ ಕೆಳಕ್ಕೆ ಶಕ್ತಿಯೆಲ್ಲ ಉಡುಗಿಹೋಯಿತು. ವೈದ್ಯರು ಪೋಲಿಯೋ ಎಂದರು. ಆಗ ಅವರಿಗೆ ಮೂವತ್ತೊಂಬತ್ತು ವರ್ಷ. ಅಲ್ಲಿಂದ ಮುಂದೆ ಅವರು ಯಾರ ಆಸರೆಯೂ ಇಲ್ಲದೆ ನಡೆಯಲಿಲ್ಲ.

ಈ ರೋಗಕ್ಕೆ ಪರಿಹಾರವನ್ನು ಅರಸುತ್ತ 1924ರಲ್ಲಿ ಅವರು ದಕ್ಷಿಣದ ಜಾರ್ಜಿಯ ಸಂಸ್ಥಾನದ ವಾರ್ಮ್ ಸ್ಪ್ರಿಂಗ್ಸ್ ಎಂಬ ಹಳ್ಳಿಗೆ ಹೋದರು. ಅಲ್ಲಿಯ ಬಿಸಿನೀರಿನ ಬುಗ್ಗೆಯಲ್ಲಿ ಈಜಿದರೆ ಸತ್ತ ಸ್ನಾಯುಗಳಿಗೆ ಬಲ ಬರಬಹುದೆಂಬ ಆಸೆ. ಕಾಲುಗಳು ಗುಣವಾಗಲಿಲ್ಲ, ಆದರೆ ಆ ಹಳ್ಳಿ ಅವರಿಗೆ ಬೇರೊಂದು ಪಾಠವನ್ನು ಕಲಿಸಿತು. ಕೈಯಿಂದಲೇ ನಡೆಸಬಹುದಾದ ಮೋಟಾರು ಕಾರೊಂದನ್ನು ಮಾಡಿಸಿಕೊಂಡು ಅವರು ಸುತ್ತಣ ಮಣ್ಣಿನ ರಸ್ತೆಗಳಲ್ಲಿ ಸಂಚರಿಸುತ್ತಿದ್ದರು. ಹೊಲದ ಅಂಚಿನಲ್ಲಿ ಕಾರನ್ನು ನಿಲ್ಲಿಸಿ ಹತ್ತಿ ಬೆಳೆಯುವ ರೈತರೊಡನೆ ಮಾತಿಗೆ ತೊಡಗುತ್ತಿದ್ದರು. ಮಣ್ಣು ಸವೆದ ಹೊಲಗಳು, ಸಾಲದ ಹೊರೆ, ವರ್ಷಕ್ಕೆ ಕೆಲವೇ ತಿಂಗಳು ನಡೆಯುವ ಶಾಲೆ, ಇವನ್ನೆಲ್ಲ ಅವರು ಕಣ್ಣಾರೆ ಕಂಡರು. ಅಲ್ಲಿಯ ತಮ್ಮ ಚಿಕ್ಕ ಕುಟೀರಕ್ಕೆ ಬಂದ ಮೊದಲ ವಿದ್ಯುತ್ ಬಿಲ್ಲನ್ನು ನೋಡಿ ಬೆರಗಾದುದನ್ನು ಅವರು ಮುಂದೆ ಜನರ ಮುಂದೆ ಹೇಳಿಕೊಂಡಿದ್ದಾರೆ. ಹೈಡ್ ಪಾರ್ಕಿನ ದೊಡ್ಡ ಮನೆಯಲ್ಲಿ ಕೊಡುತ್ತಿದ್ದ ದರಕ್ಕಿಂತ ಈ ಬಡಹಳ್ಳಿಯ ದರ ನಾಲ್ಕರಷ್ಟಿತ್ತು! ಕೊಳ್ಳುವವನಿಗೆ ಬೇರೆ ದಾರಿಯಿಲ್ಲದಾಗ ಮಾರುವವನು ಹೇಳಿದ್ದೇ ಬೆಲೆ. ಮುಕ್ತ ವ್ಯಾಪಾರ ಎಂಬ ಮಾತಿಗೆ ಅಲ್ಲಿ ಅರ್ಥವೇನು ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಮೂಡಿದ್ದು ಆ ಬಿಲ್ಲಿನಿಂದ.

1928ರಲ್ಲಿ ರೂಸ್‌ವೆಲ್ಟರು ನ್ಯೂಯಾರ್ಕ್ ಸಂಸ್ಥಾನದ ಗವರ್ನರ್ ಆಗಿ ಚುನಾಯಿತರಾದರು. ಅಮೆರಿಕದಲ್ಲಿ ಅದು ಸಂಪತ್ತು ಉಕ್ಕಿ ಹರಿಯುತ್ತಿದೆಯೆಂದು ತೋರುತ್ತಿದ್ದ ಕಾಲ. ಸರ್ಕಾರವು ವ್ಯಾಪಾರದ ತಂಟೆಗೆ ಹೋಗಬಾರದು, ಲಾಭದಾಸೆಯೇ ಎಲ್ಲವನ್ನೂ ಸರಿದೂಗಿಸುತ್ತದೆ ಎಂಬುದು ಆಗಿನ ದೊಡ್ಡವರ ನಂಬಿಕೆಯಾಗಿತ್ತು. ಷೇರುಗಳ ಬೆಲೆ ದಿನದಿನಕ್ಕೆ ಏರುತ್ತಿತ್ತು. ನೂರು ಡಾಲರಿನ ಷೇರನ್ನು ಕೊಳ್ಳಲು ಕೈಯಲ್ಲಿ ಹತ್ತು ಡಾಲರಿದ್ದರೂ ಸಾಕಾಗುತ್ತಿತ್ತು. ಉಳಿದುದಕ್ಕೆ ದಲ್ಲಾಳಿಯೇ ಸಾಲ ಕೊಡುತ್ತಿದ್ದನು. ಬೆಲೆ ಏರುವತನಕ ಇದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಹತ್ತು ಡಾಲರಿನಷ್ಟು ಬೆಲೆ ಇಳಿದರೆ ಕೊಂಡವನ ಹಣ ಪೂರ್ತಿ ಮುಳುಗುತ್ತದೆ. ದಲ್ಲಾಳಿ ಸಾಲವನ್ನು ಕೇಳುತ್ತಾನೆ. ಕೊಡಲಾರದವನು ಷೇರನ್ನು ಮಾರುತ್ತಾನೆ. ಎಲ್ಲರೂ ಮಾರತೊಡಗಿದರೆ ಬೆಲೆ ಇನ್ನೂ ಇಳಿಯುತ್ತದೆ. 1929ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ನಡೆದದ್ದು ಇದೇ. ಮುಖ್ಯ ಷೇರುಗಳ ಸರಾಸರಿ ಸೂಚ್ಯಂಕ ಆ ಸೆಪ್ಟೆಂಬರಿನಲ್ಲಿ 381 ಇದ್ದುದು 1932ರ ಜುಲೈ ಹೊತ್ತಿಗೆ 41ಕ್ಕೆ ಕುಸಿಯಿತು.

ಷೇರುಪೇಟೆಯ ಮುಖವನ್ನೇ ನೋಡದ ಬಡವನಿಗೆ ಇದರಿಂದೇನು ಎಂದು ಕೇಳಬಹುದು. ಆ ಹಣದಲ್ಲಿ ಬ್ಯಾಂಕುಗಳ ಹಣವೂ ಸೇರಿತ್ತು. ಬ್ಯಾಂಕು ಬೀಳುತ್ತದೆಂಬ ಸುದ್ದಿ ಹಬ್ಬಿದೊಡನೆ ಠೇವಣಿದಾರರು ಸಾಲುಗಟ್ಟಿ ನಿಲ್ಲುವರು. ಒಂದೇ ದಿನ ಎಲ್ಲರೂ ಬಂದರೆ ಗಟ್ಟಿಯಾದ ಬ್ಯಾಂಕೂ ನಿಲ್ಲಲಾರದು. 1930ರಿಂದ 1933ರವರೆಗೆ ಸುಮಾರು 9,000 ಬ್ಯಾಂಕುಗಳು ಮುಚ್ಚಿದವು. ಜೀವಮಾನವೆಲ್ಲ ಉಳಿಸಿದ ಹಣ ಹೋಯಿತು. ಹಣವಿಲ್ಲದವರು ಬಟ್ಟೆಬರೆಗಳನ್ನು ಕೊಳ್ಳುವುದನ್ನು ನಿಲ್ಲಿಸಿದರು. ಸರಕು ಮಾರದೆ ಕಾರ್ಖಾನೆಗಳು ಆಳುಗಳನ್ನು ಬಿಟ್ಟವು. ಕೆಲಸ ಹೋದವರು ಇನ್ನೂ ಕಡಿಮೆ ಕೊಂಡರು. ಹೀಗೆ ಒಂದರ ಬಾಲವನ್ನು ಒಂದು ಹಿಡಿದು ದೇಶವೇ ಕೆಳಕ್ಕೆ ಜಾರಿತು. ನ್ಯೂಯಾರ್ಕಿನ ಬೀದಿಗಳಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದವರೂ ಒಂದೊಂದು ಸೇಬನ್ನು ಐದೈದು ಸೆಂಟಿಗೆ ಮಾರುತ್ತ ನಿಂತರು. ಊರಂಚಿನಲ್ಲಿ ತಗಡು, ರಟ್ಟುಗಳ ಗುಡಿಸಲುಗಳೆದ್ದವು. ಜನರು ಅವಕ್ಕೆ ಆಗಿನ ಅಧ್ಯಕ್ಷ ಹೂವರ್ ಅವರ ಹೆಸರನ್ನೇ ಇಟ್ಟು ಹಂಗಿಸಿದರು. ಹೂವರ್ ಕೈಕಟ್ಟಿ ಕುಳಿತಿದ್ದರೆಂಬುದು ಪೂರ್ತಿ ನ್ಯಾಯದ ಮಾತಲ್ಲ. ದೊಡ್ಡ ಸಂಸ್ಥೆಗಳಿಗೆ ಅವರು ಸಾಲ ಕೊಡಿಸಿದರು. ಆದರೆ ಹಸಿದವನಿಗೆ ಕೇಂದ್ರ ಸರ್ಕಾರ ನೇರವಾಗಿ ನೆರವಾದರೆ ಅವನ ಸ್ವಾವಲಂಬನೆ ಕೆಡುವುದೆಂದು ಅವರು ಅಂಜಿದರು.

ನ್ಯೂಯಾರ್ಕಿನಲ್ಲಿ ರೂಸ್‌ವೆಲ್ಟರು ಅಂಜಲಿಲ್ಲ. ನಿರುದ್ಯೋಗಿಗಳಿಗೆ ನೆರವಾಗಲೆಂದೇ 1931ರಲ್ಲಿ ಅವರು 2 ಕೋಟಿ ಡಾಲರುಗಳ ನಿಧಿಯೊಡನೆ ಸಂಸ್ಥಾನದ ಆಡಳಿತ ಘಟಕವೊಂದನ್ನು ಏರ್ಪಡಿಸಿದರು. 1932ರ ನವೆಂಬರಿನಲ್ಲಿ ನಡೆದ ಅಧ್ಯಕ್ಷರ ಚುನಾವಣೆಯಲ್ಲಿ 48 ಸಂಸ್ಥಾನಗಳ ಪೈಕಿ 42 ಅವರಿಗೆ ಒಲಿದವು.

ಅಧಿಕಾರ ವಹಿಸಿದ ಎರಡು ದಿನಗಳಲ್ಲೇ, ಎಂದರೆ 1933ರ ಮಾರ್ಚ್ 6ರಂದು, ಹೊಸ ಅಧ್ಯಕ್ಷರು ದೇಶದ ಎಲ್ಲ ಬ್ಯಾಂಕುಗಳನ್ನೂ ಮುಚ್ಚಿಸಿದರು. ಗಟ್ಟಿಯಾದ ಬ್ಯಾಂಕುಗಳಾವುವು, ಟೊಳ್ಳಾದುವಾವುವು ಎಂಬುದನ್ನು ಪರೀಕ್ಷಿಸಿ, ಗಟ್ಟಿಯಾದವುಗಳಿಗೆ ಮಾತ್ರ ಮತ್ತೆ ತೆರೆಯಲು ಅಪ್ಪಣೆ ಕೊಡುವ ಕಾಯಿದೆ 9ರಂದು ಒಂದೇ ದಿನದಲ್ಲಿ ಅಂಗೀಕಾರವಾಯಿತು. 12ನೆಯ ತಾರೀಖು ಭಾನುವಾರ ರಾತ್ರಿ ಅವರು ರೇಡಿಯೋ ಮುಂದೆ ಕುಳಿತರು. ಆ ರಾತ್ರಿ ಅವರು ಮಾಡಿದ್ದು ವೀರಾವೇಶದ ಭಾಷಣವಲ್ಲ. ಬ್ಯಾಂಕಿನಲ್ಲಿಟ್ಟ ಹಣ ಪೆಟ್ಟಿಗೆಯಲ್ಲಿ ಕುಳಿತಿರುವುದಿಲ್ಲ, ಅದು ಮನೆ ಕಟ್ಟುವವನಿಗೂ ಕೈಗಾರಿಕೆ ನಡೆಸುವವನಿಗೂ ಸಾಲವಾಗಿ ಹೋಗಿರುತ್ತದೆ ಎಂಬುದನ್ನು ಮನೆಯ ಹಿರಿಯರು ಮಕ್ಕಳಿಗೆ ತಿಳಿಯಹೇಳುವ ರೀತಿಯಲ್ಲಿ ವಿವರಿಸಿದರು. ಮಾರನೆಯ ದಿನ ಬ್ಯಾಂಕುಗಳು ತೆರೆಯತೊಡಗಿದಾಗ ಮತ್ತೆ ಸಾಲುಗಳು ಕಾಣಿಸಿದವು. ಆದರೆ ಈ ಸಲ ಜನ ಬಂದದ್ದು ಹಣವನ್ನು ತೆಗೆಯಲಿಕ್ಕಲ್ಲ, ಕಟ್ಟಲಿಕ್ಕೆ.

ಬ್ಯಾಂಕುಗಳೆಲ್ಲವನ್ನೂ ಸರ್ಕಾರವೇ ವಶಪಡಿಸಿಕೊಳ್ಳಬೇಕೆಂದು ಅಂದು ಕೆಲವರು ಒತ್ತಾಯಿಸಿದರು. ರೂಸ್‌ವೆಲ್ಟರು ಒಪ್ಪಲಿಲ್ಲ. ಬ್ಯಾಂಕು, ಕಾರ್ಖಾನೆ, ಅಂಗಡಿಗಳು ಖಾಸಗಿಯವರಲ್ಲಿಯೇ ಇರಲಿ, ಆದರೆ ಅವು ಕಟ್ಟುಪಾಡಿಗೆ ಒಳಗಾಗಿ ನಡೆಯಲಿ ಎಂಬುದು ಅವರ ನಿಲುವು. ಜನರ ಠೇವಣಿಯನ್ನು ಜೂಜಿಗೆ ಒಡ್ಡದಂತೆ, ಠೇವಣಿ ಪಡೆಯುವ ಬ್ಯಾಂಕುಗಳನ್ನೂ ಷೇರು ವ್ಯವಹಾರದ ಸಂಸ್ಥೆಗಳನ್ನೂ 1933ರ ಕಾಯಿದೆ ಬೇರ್ಪಡಿಸಿತು. ಬ್ಯಾಂಕು ಬಿದ್ದರೂ ಸಣ್ಣ ಠೇವಣಿದಾರನ ಹಣ ಹೋಗದಂತೆ ಅದೇ ಕಾಯಿದೆಯಿಂದ ಠೇವಣಿ ವಿಮೆ ಬಂದಿತು. ಮೊದಲಿಗೆ 2,500 ಡಾಲರುಗಳವರೆಗೆ ಭರವಸೆ. ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಈ ವಿಮೆಯ ಯೋಜನೆಯನ್ನು ರೂಸ್‌ವೆಲ್ಟರು ಮೊದಲು ವಿರೋಧಿಸಿದ್ದರು. ಒಳ್ಳೆಯ ಬ್ಯಾಂಕುಗಳು ಕೆಟ್ಟವುಗಳ ತಪ್ಪಿಗೆ ದಂಡ ತೆರಬೇಕಾದೀತೆಂಬುದು ಅವರ ಸಂದೇಹ. ಸಂಸತ್ತಿನ ಸದಸ್ಯರ ಪಟ್ಟಿಗೆ ಮಣಿದು ಒಪ್ಪಿದರು. ಪರಿಣಾಮವೇನಾಯಿತು? 1933ರ ಒಂದೇ ವರ್ಷದಲ್ಲಿ ಸುಮಾರು 4,000 ಬ್ಯಾಂಕುಗಳು ಮುಳುಗಿದ್ದವು. 1934ರಲ್ಲಿ ವಿಮೆಗೊಳಪಟ್ಟ ಬ್ಯಾಂಕುಗಳಲ್ಲಿ ಮುಳುಗಿದವು ಒಂಬತ್ತು. ಷೇರುಪೇಟೆಯ ಮೇಲ್ವಿಚಾರಣೆಗೆ 1934ರಲ್ಲಿ ಆಯೋಗವೊಂದನ್ನು ನೇಮಿಸಿದರು. ಅದರ ಮೊದಲ ಅಧ್ಯಕ್ಷರು, ಆ ಪೇಟೆಯ ಒಳಸುಳಿಗಳಲ್ಲಿಯೇ ಈಜಿ ಐಶ್ವರ್ಯವಂತರಾಗಿದ್ದ ಜೋಸೆಫ್ ಕೆನಡಿ. ಹಲವರು ನಕ್ಕರು. ಕಳ್ಳದಾರಿಗಳನ್ನು ಬಲ್ಲವನೇ ಅವನ್ನು ಮುಚ್ಚಬಲ್ಲನೆಂಬುದು ರೂಸ್‌ವೆಲ್ಟರ ಲೆಕ್ಕ. ಆ ಲೆಕ್ಕ ತಪ್ಪಾಗಲಿಲ್ಲ.

ಕಟ್ಟುಪಾಡುಗಳಿಂದ ಮುಂದಿನ ಕೇಡು ತಪ್ಪೀತು. ಇಂದಿನ ಹಸಿವು ತಣಿಯದು. ಕೆಲಸವಿಲ್ಲದವನಿಗೆ ಭಿಕ್ಷೆಗಿಂತ ಕೆಲಸವನ್ನೇ ಕೊಡಬೇಕೆಂದು ರೂಸ್‌ವೆಲ್ಟರು ಬಗೆದರು. ಖಾಸಗಿಯವರು ಕೊಡಲಾರದಿದ್ದರೆ, ಅವರು ಚೇತರಿಸಿಕೊಳ್ಳುವವರೆಗೆ, ಸರ್ಕಾರವೇ ಕೊಡಬೇಕು. ಅವರ ಯೋಜನೆಗಳಲ್ಲೆಲ್ಲ ಅವರ ಮನಸ್ಸಿಗೆ ಅತ್ಯಂತ ಹತ್ತಿರವಾದದ್ದು ತರುಣರ ಅರಣ್ಯದಳ. ಹೈಡ್ ಪಾರ್ಕಿನ ತಮ್ಮ ಸವೆದ ಹೊಲಗಳಲ್ಲಿ ಅವರು ಬಹುಕಾಲದಿಂದ ಸಸಿಗಳನ್ನು ನೆಡಿಸುತ್ತ ಬಂದಿದ್ದರು. ಉದ್ಯೋಗವೇನೆಂದು ಕೇಳಿದರೆ ಮರ ಬೆಳೆಸುವವನೆಂದು ಹೇಳಿಕೊಳ್ಳುವಷ್ಟು ಅದರಲ್ಲಿ ಅವರಿಗೆ ಪ್ರೀತಿ. 1933ರ ಮಾರ್ಚ್ 31ರಂದು ಕಾಯಿದೆಗೆ ಸಹಿಯಾಯಿತು. ಏಪ್ರಿಲ್ 17ರಂದು ವರ್ಜೀನಿಯದ ಕಾಡಿನಲ್ಲಿ ಮೊದಲ ಶಿಬಿರ ತೆರೆಯಿತು. ಹದಿನೆಂಟರಿಂದ ಇಪ್ಪತ್ತೈದರ ವಯಸ್ಸಿನ, ಮದುವೆಯಾಗದ, ಕೆಲಸವಿಲ್ಲದ ತರುಣರನ್ನು ಕಾರ್ಮಿಕ ಖಾತೆ ಆರಿಸಿತು, ಸೈನ್ಯದವರು ಶಿಬಿರಗಳನ್ನು ನಡೆಸಿದರು, ಅರಣ್ಯಾಧಿಕಾರಿಗಳು ಕೆಲಸವನ್ನು ಹೇಳಿಕೊಟ್ಟರು. ಊಟ ವಸತಿಗಳ ಮೇಲೆ ತಿಂಗಳಿಗೆ 30 ಡಾಲರು ಸಂಬಳ. ಅದರಲ್ಲಿ 25 ಡಾಲರುಗಳು ನೇರವಾಗಿ ಮನೆಗೆ ಹೋಗುತ್ತಿದ್ದವು. ಪಟ್ಟಣದ ಬೀದಿಗಳಲ್ಲಿ ಸುಮ್ಮನೆ ನಿಂತಿದ್ದ ಹುಡುಗ ಈಗ ಗುಡ್ಡದ ಮೇಲೆ ಗುಂಡಿ ತೋಡುತ್ತಿದ್ದನು, ಕಾಡ್ಗಿಚ್ಚನ್ನು ನಂದಿಸುತ್ತಿದ್ದನು, ಕೊಚ್ಚಿಹೋಗುವ ಮಣ್ಣಿಗೆ ಒಡ್ಡು ಹಾಕುತ್ತಿದ್ದನು. ಅಕ್ಷರ ಬಾರದ ಸಾವಿರಾರು ಮಂದಿ ಸಂಜೆಯ ಪಾಠಗಳಲ್ಲಿ ಓದಲು ಕಲಿತರು. 1942ರವರೆಗೆ ಸುಮಾರು 30 ಲಕ್ಷ ತರುಣರು ಈ ದಳದಲ್ಲಿ ದುಡಿದರು. ಅವರು ನೆಟ್ಟ ಮರಗಳು 300 ಕೋಟಿಗೆ ಮಿಕ್ಕವು. ಆದರೆ ಅಲ್ಲಿಯೂ ಕರಿಯ ತರುಣರಿಗೆ ಬೇರೆ ಶಿಬಿರ, ಬಿಳಿಯರಿಗೆ ಬೇರೆ ಶಿಬಿರ ಎಂಬುದನ್ನು ಮರೆಯುವಂತಿಲ್ಲ.

1935ರಲ್ಲಿ ಆರಂಭವಾದ ಮತ್ತೊಂದು ಕಾಮಗಾರಿ ಯೋಜನೆಯಲ್ಲಿ ಎಂಟು ವರ್ಷಗಳಲ್ಲಿ ಸುಮಾರು 85 ಲಕ್ಷ ಜನರಿಗೆ ಕೆಲಸ ದೊರೆಯಿತು. ರಸ್ತೆ, ಸೇತುವೆ, ಶಾಲೆಗಳ ಜೊತೆಗೆ ಚಿತ್ರಕಾರರಿಗೆ, ನಟರಿಗೆ, ಬರಹಗಾರರಿಗೆ ಸಹ ಅದರಲ್ಲಿ ಸ್ಥಳವಿತ್ತು. ಟೆನೆಸಿ ನದಿಯ ಕಣಿವೆಯಲ್ಲಿ ಸರ್ಕಾರವೇ ಅಣೆಕಟ್ಟುಗಳನ್ನು ಕಟ್ಟಿ ನೆರೆಯನ್ನು ತಡೆಯಿತು, ಅಗ್ಗದ ವಿದ್ಯುತ್ತನ್ನು ಹಳ್ಳಿಗಳಿಗೆ ಒದಗಿಸಿತು. ಸ್ವತಂತ್ರ ಭಾರತವು 1948ರಲ್ಲಿ ದಾಮೋದರ ಕಣಿವೆ ನಿಗಮವನ್ನು ಸ್ಥಾಪಿಸಿದಾಗ ಮಾದರಿಯಾಗಿ ಇಟ್ಟುಕೊಂಡದ್ದು ಈ ಟೆನೆಸಿ ಯೋಜನೆಯನ್ನೇ.

ರೂಸ್‌ವೆಲ್ಟರ ಮಂತ್ರಿಮಂಡಲದಲ್ಲಿ ಫ್ರಾನ್ಸಿಸ್ ಪರ್ಕಿನ್ಸ್ ಎಂಬ ಮಹಿಳೆಯಿದ್ದರು. ಅಮೆರಿಕದ ಮಂತ್ರಿಮಂಡಲಕ್ಕೆ ಸೇರಿದ ಮೊದಲ ಮಹಿಳೆ ಅವರು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಬಟ್ಟೆ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದಾಗ, ಹತ್ತಿರದಲ್ಲಿಯೇ ಇದ್ದ ಪರ್ಕಿನ್ಸ್ ಅಲ್ಲಿಗೆ ಓಡಿಬಂದಿದ್ದರು. ಹೊರಹೋಗುವ ಬಾಗಿಲೊಂದಕ್ಕೆ ಬೀಗ ಹಾಕಿತ್ತು. ಕಿಟಕಿಗಳಿಂದ ಧುಮುಕಿದ ಹುಡುಗಿಯರನ್ನು ಅವರು ಕಂಡರು. ಅಂದು ಸತ್ತವರು 146 ಮಂದಿ. ಕಾರ್ಮಿಕ ಖಾತೆಯನ್ನು ವಹಿಸಿಕೊಳ್ಳುವ ಮೊದಲೇ ಪರ್ಕಿನ್ಸ್ ತಾವು ಮಾಡಬೇಕೆಂದಿದ್ದ ಕಾರ್ಯಗಳ ಪಟ್ಟಿಯನ್ನು ರೂಸ್‌ವೆಲ್ಟರ ಮುಂದಿಟ್ಟರು. ಅವರು ಒಪ್ಪಿದ ಮೇಲೆಯೇ ಪದವಿಯನ್ನು ಸ್ವೀಕರಿಸಿದರು. ಮುದುಕರಿಗೆ ಪಿಂಚಣಿ, ಕೆಲಸ ಕಳೆದುಕೊಂಡವರಿಗೆ ವಿಮೆ, ಇವೆರಡೂ 1935ರ ಆಗಸ್ಟ್ 14ರ ಸಾಮಾಜಿಕ ಭದ್ರತೆಯ ಕಾಯಿದೆಯಿಂದ ಬಂದವು. 1938ರ ಕಾಯಿದೆಯು ಗಂಟೆಗೆ 25 ಸೆಂಟುಗಳ ಕನಿಷ್ಠ ಕೂಲಿಯನ್ನು ಗೊತ್ತುಮಾಡಿತು, ದುಡಿಮೆಯ ಅವಧಿಗೆ ಮಿತಿಯನ್ನಿಟ್ಟಿತು, ಕಾರ್ಖಾನೆಗಳಲ್ಲಿ ಎಳೆಯರ ದುಡಿಮೆಯನ್ನು ನಿಷೇಧಿಸಿತು. ಹೊಲದ ಕೂಲಿಗಳು, ಮನೆಗೆಲಸದವರು ಮಾತ್ರ ಈ ಎರಡು ಕಾಯಿದೆಗಳ ಆಶ್ರಯದಿಂದ ಹೊರಗೆ ಉಳಿದರು. ದಕ್ಷಿಣದ ಕರಿಯ ಜನರಲ್ಲಿ ಹೆಚ್ಚಿನವರು ಮಾಡುತ್ತಿದ್ದುದು ಆ ಎರಡು ಕೆಲಸಗಳನ್ನೇ.

ಸಿರಿವಂತರು ರೂಸ್‌ವೆಲ್ಟರನ್ನು ಹುಟ್ಟಿದ ವರ್ಗಕ್ಕೆ ದ್ರೋಹ ಬಗೆದವರೆಂದು ಜರೆದರು. ಇನ್ನೊಂದು ಕಡೆಯವರು, ಬಂಡವಾಳಗಾರರ ಮನೆ ಬೀಳುವುದನ್ನು ತಡೆದು ನಿಲ್ಲಿಸಿದವರೆಂದು ದೂರಿದರು. ಎರಡನೆಯ ದೂರಿನಲ್ಲಿ ನಿಜಾಂಶವಿದೆ. ಅವರಿಗೆ ಬೇಕಾದದ್ದು ಮನೆಯನ್ನು ಕೆಡಹುವುದಲ್ಲ, ದುರಸ್ತಿ ಮಾಡುವುದು. ದುರಸ್ತಿಯ ಕೆಲಸದಲ್ಲಿ ಅವರ ಕೈ ಹಲವು ಬಾರಿ ತಪ್ಪಿತು. ಬೆಲೆ ಏರಲೆಂದು 1933ರಲ್ಲಿ ಅರವತ್ತು ಲಕ್ಷ ಹಂದಿಗಳನ್ನು ಕೊಲ್ಲಿಸಿದಾಗ ಹಸಿದ ನಾಡು ಕೆರಳಿತು. ಪ್ರತಿಯೊಂದು ಉದ್ಯಮದ ಕೂಲಿ ಬೆಲೆಗಳಿಗೂ ನಿಯಮಾವಳಿಯನ್ನು ರಚಿಸಹೊರಟ ಯೋಜನೆ ತನ್ನ ಭಾರಕ್ಕೆ ತಾನೇ ಕುಸಿಯುತ್ತಿರುವಾಗ, 1935ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ನ್ಯಾಯಾಲಯದ ಮೇಲೆ ಮುನಿದು 1937ರಲ್ಲಿ ಅದರ ನ್ಯಾಯಾಧೀಶರ ಸಂಖ್ಯೆಯನ್ನು ಹೆಚ್ಚಿಸಲು ಹೋಗಿ, ಸ್ವಪಕ್ಷದವರಿಂದಲೇ ಸೋಲನ್ನುಂಡರು. ಅದೇ ವರ್ಷ, ಚೇತರಿಕೆ ಬಂದಿತೆಂದು ನಂಬಿ ಸರ್ಕಾರದ ವೆಚ್ಚವನ್ನು ಒಮ್ಮೆಗೇ ಕಡಿತಗೊಳಿಸಿದರು. 1938ರಲ್ಲಿ ಮತ್ತೆ ಲಕ್ಷಾಂತರ ಮಂದಿ ಕೆಲಸ ಕಳೆದುಕೊಂಡರು. ತಪ್ಪನ್ನು ಕಂಡು ವೆಚ್ಚವನ್ನು ಮತ್ತೆ ಹೆಚ್ಚಿಸಿದರು. ಹಟಕ್ಕೆ ಬಿದ್ದು ಒಂದೇ ಮದ್ದನ್ನು ಅರೆಯುವ ಸ್ವಭಾವ ಅವರದಲ್ಲ. 1940ರಲ್ಲಿಯೂ ನೂರಕ್ಕೆ ಹದಿನಾಲ್ಕಕ್ಕಿಂತ ಹೆಚ್ಚು ಮಂದಿ ನಿರುದ್ಯೋಗಿಗಳಾಗಿಯೇ ಇದ್ದರು. ನಿರುದ್ಯೋಗವು ಪೂರ್ಣವಾಗಿ ನೀಗಿದ್ದು ಎರಡನೆಯ ಮಹಾಯುದ್ಧದ ಕಾರ್ಖಾನೆಗಳಿಂದ.

ಆ ಯುದ್ಧದಲ್ಲಿ ದೇಶವನ್ನು ನಡೆಸಿದವರೂ ಅವರೇ. 1936, 1940, 1944ರಲ್ಲಿ ಮತ್ತೆ ಚುನಾಯಿತರಾಗಿ, ನಾಲ್ಕು ಬಾರಿ ಆ ಪದವಿಗೆ ಆರಿಸಿಬಂದ ಏಕಮಾತ್ರ ವ್ಯಕ್ತಿಯಾದರು. ಯುದ್ಧದ ಭಯದಲ್ಲಿ, 1942ರಲ್ಲಿ, ಜಪಾನೀ ಮೂಲದ ಸುಮಾರು 1,20,000 ಜನರನ್ನು ವಿಚಾರಣೆಯಿಲ್ಲದೆ ಶಿಬಿರಗಳಲ್ಲಿ ಕೂಡಿಹಾಕಿಸಿದ್ದು ಅವರ ಬಾಳಿನ ದೊಡ್ಡ ಕಳಂಕ. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ ಆಗಿದ್ದರು. ದೇಶವು ಅದಕ್ಕಾಗಿ ಕಾಯಿದೆಯ ಮೂಲಕ ಕ್ಷಮೆ ಕೇಳಿದ್ದು 1988ರಲ್ಲಿ.

1945ನೆಯ ಏಪ್ರಿಲ್ 12ರಂದು ರೂಸ್‌ವೆಲ್ಟರು ವಾರ್ಮ್ ಸ್ಪ್ರಿಂಗ್ಸಿನ ಕುಟೀರದಲ್ಲಿದ್ದರು. ಚಿತ್ರಕಲಾವಿದೆಯೊಬ್ಬರು ಅವರ ಚಿತ್ರವನ್ನು ಬರೆಯುತ್ತಿದ್ದಾಗ ತಲೆನೋವೆಂದು ಕುಸಿದವರು ಮತ್ತೆ ಕಣ್ಣು ತೆರೆಯಲಿಲ್ಲ. ಮಿದುಳಿನ ರಕ್ತಸ್ರಾವದಿಂದ ಆ ಮಧ್ಯಾಹ್ನವೇ ತೀರಿಕೊಂಡರು. ಶವವನ್ನು ಹೊತ್ತ ರೈಲು ಉತ್ತರಕ್ಕೆ ಸಾಗಿದಾಗ ಹಳಿಯ ಪಕ್ಕದ ಹೊಲಗಳಲ್ಲಿ, ನಿಲ್ದಾಣಗಳಲ್ಲಿ ಜನರು ಮೌನವಾಗಿ ನಿಂತಿದ್ದರು.

ತಮಗೊಂದು ಸ್ಮಾರಕವಾಗುವುದಾದರೆ ಅದು ತಮ್ಮ ಬರೆಯುವ ಮೇಜಿನಷ್ಟು ಗಾತ್ರದ, ಅಲಂಕಾರವಿಲ್ಲದ ಕಲ್ಲಾಗಿರಲಿ ಎಂದು ಅವರು ಸ್ನೇಹಿತರೊಬ್ಬರಿಗೆ ತಿಳಿಸಿದ್ದರು. ಅಂತಹ ಕಲ್ಲನ್ನು 1965ರಲ್ಲಿ ವಾಷಿಂಗ್ಟನ್ನಿನಲ್ಲಿ ಇರಿಸಿದರು. ಆದರೂ 1997ರಲ್ಲಿ ಅದೇ ನಗರದಲ್ಲಿ ವಿಸ್ತಾರವಾದ ಸ್ಮಾರಕವೊಂದು ತಲೆಯೆತ್ತಿತು. ಅಲ್ಲಿಯ ದೊಡ್ಡ ವಿಗ್ರಹದಲ್ಲಿ ಅವರು ನಿಲುವಂಗಿ ಹೊದೆದು ಕುಳಿತಿದ್ದಾರೆ. ಕಾಲುಗಳ ಊನವು ಮೇಲುನೋಟಕ್ಕೆ ಕಾಣದು. ಬದುಕಿದ್ದಾಗ ಅವರೂ ಅದನ್ನು ಮರೆಮಾಡಿಯೇ ಇದ್ದರು. ಗಾಲಿಕುರ್ಚಿಯಲ್ಲಿ ಕುಳಿತ ಅವರ ಭಾವಚಿತ್ರಗಳು ಬೆರಳೆಣಿಕೆಯಷ್ಟು ಮಾತ್ರ. ಅಂಗವಿಕಲರ ಸಂಘಗಳು ಇದನ್ನು ಒಪ್ಪದೆ, ತಮ್ಮಂತಹವರು ತಾವು ಹಣ ಕೂಡಿಸಿ ಮತ್ತೊಂದು ವಿಗ್ರಹವನ್ನು ಮಾಡಿಸಿದರು. 2001ರಿಂದ ಅದು ಸ್ಮಾರಕದ ಪ್ರವೇಶದಲ್ಲಿದೆ. ಅದರಲ್ಲಿ ರೂಸ್‌ವೆಲ್ಟರು ತಾವೇ ಮಾಡಿಸಿಕೊಂಡಿದ್ದ ಸಾಧಾರಣವಾದ ಗಾಲಿಕುರ್ಚಿಯಲ್ಲಿ ಕುಳಿತಿದ್ದಾರೆ.